ಪಾಸ್ಟರ್ ಊರಲ್ಲಿಲ್ಲದ ಭಾನುವಾರ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಚದರ ಕಿಲೋಮೀಟರಿಗೆ 319 ಜನರಿದ್ದರೆ ಕೊಡಗಿನಲ್ಲಿ 135 ಜನ ಮಾತ್ರ. ಜಿಲ್ಲೆಯ ಐದೂವರೆ ಲಕ್ಷ ಜನರಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು ಮೂವರು. ಈ ಎರಡು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಕೊಡಗಿನ ಸಭಾಪಾಲಕರ ಪಾಡು ಅರ್ಧ ಅರ್ಥವಾದಂತೆ. ಬೆಂಗಳೂರಿನ ಚರ್ಚಿನಲ್ಲಿ ಒಂದೇ ಬೀದಿಯೊಳಗೆ ಸಿಗುವಷ್ಟು ಮನೆಗಳು ಇಲ್ಲಿ ಹತ್ತಾರು ತೋಟಗಳಲ್ಲಿ, ಗುಡ್ಡದ ಆಚೆ ಈಚೆ, ಕೂಲಿಕಾರರ ಸಾಲುಮನೆಗಳಾದ ಲೈನ್‌ಮನೆಗಳಲ್ಲಿ ಚದುರಿಕೊಂಡಿವೆ. ಒಬ್ಬ ಪಾಸ್ಟರಿಗೆ ಒಂದೇ ಸಭೆ ಎಂಬ ಭಾಗ್ಯವೂ ಎಲ್ಲರಿಗೂ ಇಲ್ಲ. ಬೆಳಿಗ್ಗೆ ಒಂದು ಕಡೆ ಆರಾಧನೆ ಮುಗಿಸಿ, ಬೈಕು ಹತ್ತಿ ಇನ್ನೊಂದು ಕಡೆ ಹೋಗಬೇಕು.

ಹಾಗೆ ಹೋದಲ್ಲಿ ಮಾತೂ ಬೇರೆಯಾಗುತ್ತದೆ. ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತಮಿಳು, ಅದರಾಚೆ ಮಲಯಾಳ ಇಲ್ಲವೇ ಕೊಂಕಣಿ. ಈಚಿನ ವರ್ಷಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೂಲಿಗೆ ಬಂದವರ ಹಿಂದಿಯೂ ಸೇರಿದೆ. ತೋಟದ ಕೆಲಸದವರಿಗೆ ರಜೆ ಸಿಗುವುದು ಭಾನುವಾರ, ಎಷ್ಟೋ ಊರುಗಳಲ್ಲಿ ಸಂತೆಯೂ ಅಂದೇ. ವಾರದ ಸಾಮಾನು ತರಬೇಕಾದ ತಾಯಿ ಹತ್ತೂವರೆಗೆ ಶುರುವಾಗಿ ಒಂದು ಗಂಟೆಗೆ ಮುಗಿಯುವ ಆರಾಧನೆಗೆ ಬರಲಾರಳು. ಸಂಜೆ ಕೂಟ ಇಡೋಣವೆಂದರೆ ಸಿದ್ದಾಪುರ, ಮಾಲ್ದಾರೆ ಕಡೆ ಕತ್ತಲಾದ ಮೇಲೆ ಕಾಡಾನೆಯ ಭಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕರೆಂಟಿಲ್ಲದ ರಾತ್ರಿಗಳು, ಕುಸಿದ ರಸ್ತೆಗಳು.

ಸಮಯ ನಿರ್ವಹಣೆ, ನಾಯಕತ್ವ ಎಂದು ಪೇಟೆಯಲ್ಲಿ ಸಿಗುವ ಪುಸ್ತಕಗಳಲ್ಲಿ ಬಹುಪಾಲು ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗಾಗಿ ಬರೆದವು. ಅವುಗಳಲ್ಲಿ ಕೆಲವು ಮಾತು ಪಾಸ್ಟರಿಗೂ ಬೇಕಾದದ್ದೇ. ಆದರೆ ಹೆಚ್ಚು ಕೆಲಸ ಮಾಡುವುದೇ ಒಳ್ಳೆಯ ಸೇವೆ ಎಂದು ನಂಬಿದರೆ ಈ ಬೆಟ್ಟದ ಸೀಮೆಯಲ್ಲಿ ಪಾಸ್ಟರು ಐದು ವರ್ಷದಲ್ಲಿ ಬಸವಳಿದು ಹೋಗುತ್ತಾರೆ, ಸಭೆ ಮಾತ್ರ ಇದ್ದಲ್ಲೇ ಇರುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಪಾಸ್ಟರು ಊರಲ್ಲಿಲ್ಲದ ಭಾನುವಾರ ಆ ಸಭೆಯಲ್ಲಿ ಏನು ನಡೆಯುತ್ತದೆ?

ಈ ಪ್ರಶ್ನೆಗೆ ಕೊಡಗಿನ ಚರಿತ್ರೆಯಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಕನ್ನಡಿಗರು ಹರ್ಮನ್ ಮೋಗ್ಲಿಂಗ್ ಅವರನ್ನು ಪತ್ರಿಕೋದ್ಯಮದ ಮೂಲಪುರುಷರೆಂದು ಬಲ್ಲರು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಟ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಆದರೆ ಮೋಗ್ಲಿಂಗ್ ಮೂಲತಃ ಪಾಸ್ಟರು. 1811ರಲ್ಲಿ ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ಓದಿ, ಬಾಸೆಲ್ ಮಿಶನ್ನಿನವರಾಗಿ 1836ರಲ್ಲಿ ಇಲ್ಲಿಗೆ ಬಂದವರು. ಇಪ್ಪತ್ತನಾಲ್ಕು ವರ್ಷದಲ್ಲಿ ಅವರ ಕೈಯಿಂದ ಆದ ಕೆಲಸ ನೋಡಿದರೆ ಬೆರಗಾಗುತ್ತದೆ. ಶಾಲೆ, ಉಪದೇಶಿಗಳ ತರಬೇತಿ, ಪತ್ರಿಕೆ, ಜೊತೆಗೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಮೊದಲ ಬಾರಿಗೆ ಅಚ್ಚಿಗೆ ತಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆ.

ಒಬ್ಬ ಮನುಷ್ಯ ಇಷ್ಟನ್ನು ಹೇಗೆ ಮಾಡಿದ? ಒಬ್ಬನೇ ಮಾಡಲಿಲ್ಲ ಎಂಬುದೇ ಉತ್ತರ. ಪ್ರಾಚೀನ ಕಾವ್ಯಗಳ ಮಾಲೆಗೆ ಹಣ ಕೊಟ್ಟವರು ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಪಠ್ಯದ ಕೆಲಸದಲ್ಲಿ ಹೆಗಲು ಕೊಟ್ಟವರು ಬಂಧು ಗಾಟ್‌ಫ್ರೀಡ್ ವೈಗ್ಲೆ. ಓಲೆಗರಿ ಓದಿ, ಪ್ರತಿ ಮಾಡಿ, ತಿದ್ದಿಕೊಟ್ಟ ಸ್ಥಳೀಯ ವಿದ್ವಾಂಸರ ಹೆಸರುಗಳು ಬಹುಮಟ್ಟಿಗೆ ಮರೆಯಾಗಿವೆ, ಅದು ನಮ್ಮ ಚರಿತ್ರೆಯ ಬಾಕಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಮೋಗ್ಲಿಂಗ್ ಜನರನ್ನು ತಯಾರು ಮಾಡಿದರು. ಅವರ ಪ್ರಭಾವದಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷೇಕ ಹೊಂದಿ, ಮಂಗಳೂರಿಗೆ ಮರಳಿ ಸೆಮಿನರಿಯಲ್ಲಿ ಪಾಠ ಹೇಳಿದರು. ಬಲ್ಮಠದ ಆ ಸೆಮಿನರಿಯ ಪರಂಪರೆಯಲ್ಲೇ 1965ರಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಬೆಳೆದು ನಿಂತಿತು. ಕನ್ನಡ ನಾಡಿನ ಎಷ್ಟೋ ಪಾಸ್ಟರುಗಳು ಕಲಿತದ್ದು ಅಲ್ಲಿಯೇ.

ಮೋಗ್ಲಿಂಗ್ ಕೊಡಗಿಗೆ ಬಂದದ್ದು 1853ರಲ್ಲಿ, ಸ್ಟೆಫನಾಸ್ ಎಂಬ ಹೆಸರು ಪಡೆದ ಕೊಡವ ಮನೆತನದ ಸೋಮಯ್ಯನವರ ಜೊತೆಗೆ. ಎರಡೇ ವರ್ಷದಲ್ಲಿ, 1855ರಲ್ಲಿ, 'ಕೂರ್ಗ್ ಮೆಮಾಯ್ರ್ಸ್' ಎಂಬ ಇಂಗ್ಲಿಷ್ ಪುಸ್ತಕ ಹೊರಬಂತು. ಕೊಡಗಿನ ಅರಸರ ಕಥನ 'ರಾಜೇಂದ್ರನಾಮೆ'ಯೂ ಅವರ ಮುತುವರ್ಜಿಯಿಂದ ಕನ್ನಡದಲ್ಲಿ ಅಚ್ಚಾಯಿತು. ಸಿದ್ದಾಪುರದ ಬಳಿ ಆನಂದಪುರ ಎಂಬ ವಸತಿ ಎದ್ದಿತು. ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದ ಹೊಲೆಯರ ಕುಟುಂಬಗಳು ಅಲ್ಲಿ ನೆಲೆಯೂರಿದವು. ಅವರ ಬದುಕಿಗೆ ಆಧಾರವಾಗಲೆಂದು ಕಾಫಿ ತೋಟವನ್ನೂ ಎಬ್ಬಿಸಲಾಯಿತು.

ಇಲ್ಲಿಯವರೆಗೆ ಕಥೆ ಗೆಲುವಿನದು. ಆದರೆ ಕೊಡಗಿನ ಕೆಲಸವನ್ನು ಬಾಸೆಲ್‌ನ ಸಮಿತಿ ಮೊದಲಿಗೆ ತನ್ನದೆಂದು ಒಪ್ಪಿಕೊಂಡಿರಲಿಲ್ಲ. ಮೋಗ್ಲಿಂಗ್ ಸ್ವಂತ ಹೊಣೆಯ ಮೇಲೆ, ಮಿತ್ರರ ನೆರವಿನಿಂದ ಅದನ್ನು ಹೊತ್ತುಕೊಂಡರು. ಮಂಗಳೂರಿನಲ್ಲಿ ಸುತ್ತಲೂ ಸಹೋದ್ಯೋಗಿಗಳಿದ್ದರು, ಇಲ್ಲಿ ತೋಟದ ಲೆಕ್ಕ, ಜನರ ಜಗಳ, ಪಾಠ, ಪ್ರಸಂಗ ಎಲ್ಲವೂ ಒಂದೇ ಹೆಗಲ ಮೇಲೆ ಬಿದ್ದವು. ಹೆಂಡತಿ ಪೌಲೀನ್ ಅವರ ಆರೋಗ್ಯ ಕೆಟ್ಟು 1860ರಲ್ಲಿ ಜರ್ಮನಿಗೆ ಹೊರಟವರು ಮತ್ತೆ ಇಲ್ಲಿಗೆ ಬರಲಿಲ್ಲ. 1881ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ತ್ಯಾಗ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಇಂದಿನ ಪಾಸ್ಟರು ಅವರ ಬದುಕಿನಿಂದ ಕಲಿಯಬೇಕಾದ ನಾಯಕತ್ವದ ಪಾಠ ಮಂಗಳೂರಿನ ಮೋಗ್ಲಿಂಗರಲ್ಲಿದೆ, ಆನಂದಪುರದ ಮೋಗ್ಲಿಂಗರಲ್ಲಿ ಅಷ್ಟಾಗಿ ಇಲ್ಲ.

ಆ ಪಾಠದ ಪರೀಕ್ಷೆ 1914ರಲ್ಲಿ ಬಂತು. ಮೊದಲ ಮಹಾಯುದ್ಧ ಶುರುವಾದೊಡನೆ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನ ಶಿಬಿರಗಳಿಗೆ ಕಳಿಸಿತು. ಸಭೆಗಳ ಹೊಣೆ ಏಕಾಏಕಿ ಇಲ್ಲಿನ ಪಾದ್ರಿಗಳ, ಉಪದೇಶಿಗಳ, ಸಭಾ ಹಿರಿಯರ ಕೈಗೆ ಬಂತು. ಅವರು ನಡೆಸಿದರು. ಆ ಸಭೆಗಳು ಉಳಿದು, 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯ ಮಡಿಲು ಸೇರಿದವು. ಇದಕ್ಕೆ ವ್ಯತಿರಿಕ್ತವಾಗಿ ನಿಂತ, ಮೋಗ್ಲಿಂಗರ ಕಾಲದ ಕಟ್ಟಡವೊಂದನ್ನು ಮಡಿಕೇರಿಗೆ ಹೋದವರೆಲ್ಲ ನೋಡಿರುತ್ತಾರೆ. ಕೋಟೆಯೊಳಗೆ 1859ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು ಇಂಗ್ಲಿಷರಿಗಾಗಿ ಇದ್ದದ್ದು. ಅವರು ಹೋದರು, ಆರಾಧನೆ ನಿಂತಿತು, ಇಂದು ಅದು ಸರ್ಕಾರಿ ವಸ್ತುಸಂಗ್ರಹಾಲಯ.

ಕೆಲಸ ಹಂಚುವುದು ಪಾಸ್ಟರಿಗೆ ಹೊಸ ಉಪದೇಶವೇನಲ್ಲ. ವಿಮೋಚನಕಾಂಡದ ಹದಿನೆಂಟನೆಯ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದಾಗ ಮಾವ ಇತ್ರೋ ತಡೆದು ಬುದ್ಧಿ ಹೇಳಿದ್ದು ಇದನ್ನೇ: ಸಾವಿರ, ನೂರು, ಐವತ್ತು, ಹತ್ತು ಜನರಿಗೆ ಒಬ್ಬೊಬ್ಬ ಹಿರಿಯನನ್ನು ನೇಮಿಸು, ದೊಡ್ಡ ಸಂಗತಿ ಮಾತ್ರ ನಿನ್ನ ಬಳಿ ಬರಲಿ. ಜಾನ್ ವೆಸ್ಲಿ 1742ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸಲು ವಾರಕ್ಕೆ ಒಂದು ಪೆನ್ನಿ ಎತ್ತಲೆಂದು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೊಬ್ಬ ಮುಂದಾಳನ್ನು ಇಟ್ಟರು. ಹಣ ಎತ್ತಲು ಮನೆಮನೆಗೆ ಹೋದ ಮುಂದಾಳು ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಕುಡಿತದ ಚಟ ಎಂಬುದನ್ನೂ ತಿಳಿದು ಬಂದ. ಮೆಥಡಿಸ್ಟ್ ಸಭೆಗಳ ಬೆನ್ನೆಲುಬಾದದ್ದು ಆ ಗುಂಪುಗಳೇ.

ಕೊಡಗಿಗೆ ಇದು ಹೇಳಿ ಮಾಡಿಸಿದ ಏರ್ಪಾಡು. ಪ್ರತಿ ತೋಟದಲ್ಲಿ, ಪ್ರತಿ ಲೈನಿನಲ್ಲಿ ಒಂದು ಮನೆಕೂಟ, ಅದಕ್ಕೊಬ್ಬ ಹೊಣೆಗಾರ ಅಥವಾ ಹೊಣೆಗಾರ್ತಿ. ಹೊಣೆಗಾರ್ತಿ ಎಂದದ್ದಕ್ಕೆ ಕಾರಣವಿದೆ. ಲೈನ್‌ಮನೆಯ ಸುದ್ದಿ ಮೊದಲು ತಿಳಿಯುವುದು ಹೆಂಗಸರಿಗೆ. ಸ್ತ್ರೀಯರ ಅನ್ಯೋನ್ಯ ಕೂಟವನ್ನು ವಾರ್ಷಿಕೋತ್ಸವದ ಅಡುಗೆಗಷ್ಟೇ ನೆನೆಯುವ ಸಭೆ ತನ್ನ ಅರ್ಧ ಬಲವನ್ನು ತಾನೇ ಮುಚ್ಚಿಟ್ಟುಕೊಂಡಂತೆ. ಆದರೆ ಹಂಚುವುದೆಂದರೆ ಹೆಸರು ಬರೆದು ಕೈ ತೊಳೆದುಕೊಳ್ಳುವುದಲ್ಲ. ಹೊಣೆಗಾರರನ್ನು ತಿಂಗಳಿಗೊಮ್ಮೆ ಕೂರಿಸಿ ಮುಂದಿನ ಪಾಠ ಹೇಳಿಕೊಡಬೇಕು, ಕೂಟ ನಡೆಸುವಾಗ ಒಮ್ಮೆ ಹಿಂದಿನ ಸಾಲಿನಲ್ಲಿ ಕೂತು ಕೇಳಬೇಕು, ತಪ್ಪಿದ್ದರೆ ಆಮೇಲೆ ಒಬ್ಬರೇ ಇದ್ದಾಗ ತಿದ್ದಬೇಕು. ಮೊದಲ ವರ್ಷ ಪಾಸ್ಟರಿಗೆ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಎರಡನೆಯ ವರ್ಷ ಫಲ ಕಾಣುತ್ತದೆ.

ಇನ್ನು ಪಾಸ್ಟರ ಸ್ವಂತ ವಾರ. ನಿರ್ವಹಣಾ ಚಿಂತಕ ಪೀಟರ್ ಡ್ರಕರ್ 1967ರ 'ದಿ ಇಫೆಕ್ಟಿವ್ ಎಕ್ಸಿಕ್ಯುಟಿವ್' ಪುಸ್ತಕದಲ್ಲಿ ಮೊದಲು ಯೋಜನೆ ಹಾಕಬೇಡಿ, ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಬರೆದಿಡಿ ಎಂಬ ಅರ್ಥದ ಸಲಹೆ ಕೊಟ್ಟರು. ಮೂರು ವಾರ ಡೈರಿಯಲ್ಲಿ ಹೀಗೆ ಬರೆದರೆ ಕೊಡಗಿನ ಪಾಸ್ಟರಿಗೆ ಒಂದು ಸಂಗತಿ ಎದ್ದು ಕಂಡೀತು: ದಾರಿಯಲ್ಲೇ ಕಳೆಯುವ ಗಂಟೆಗಳು. ಸೋಮವಾರ ಸುಂಟಿಕೊಪ್ಪ, ಮಂಗಳವಾರ ಪಾಲಿಬೆಟ್ಟ, ಬುಧವಾರ ಮತ್ತೆ ಸುಂಟಿಕೊಪ್ಪ ಎಂದು ಕರೆದಲ್ಲಿಗೆ ಓಡುವ ಬದಲು ದಿಕ್ಕಿಗೊಂದು ದಿನ ಗೊತ್ತು ಮಾಡಿ, ಆ ದಿನ ಆ ಕಡೆಯ ಮನೆಗಳನ್ನೆಲ್ಲ ಮುಗಿಸುವುದು ಲೇಸು. "ಅಯ್ಯನವರೇ, ಬಂದು ಒಂದು ಪ್ರಾರ್ಥನೆ ಮಾಡಿಬಿಡಿ" ಎಂದು ಕರೆದವರಿಗೆ "ಗುರುವಾರ ನಿಮ್ಮ ಕಡೆಯೇ ಬರುತ್ತೇನಮ್ಮ" ಎಂದು ಹೇಳಿ, ಗುರುವಾರ ತಪ್ಪದೆ ಹೋದರೆ ಯಾರಿಗೂ ಬೇಸರವಾಗುವುದಿಲ್ಲ. ಬೇಸರವಾಗುವುದು ಬರುತ್ತೇನೆಂದು ಹೇಳಿ ಬಾರದಿದ್ದಾಗ. ಸಾವು, ಆಸ್ಪತ್ರೆಗೆ ಮಾತ್ರ ವಾರ ನೋಡುವಂತಿಲ್ಲ.

ಮನೆ ಭೇಟಿಯ ಲೆಕ್ಕಕ್ಕೆ ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್‌ನ ಪಾದ್ರಿ ರಿಚರ್ಡ್ ಬ್ಯಾಕ್ಸ್‌ಟರ್‌ಗಿಂತ ಒಳ್ಳೆಯ ಮಾದರಿ ಸಿಗಲಾರದು. 1656ರಲ್ಲಿ ಬಂದ ಅವರ 'ದಿ ರಿಫಾರ್ಮ್ಡ್ ಪಾಸ್ಟರ್' ಪುಸ್ತಕದಲ್ಲಿ ಅವರ ವಾರದ ಕ್ರಮವೇ ಇದೆ. ಸೋಮವಾರ, ಮಂಗಳವಾರ ಬೆಳಗಿನಿಂದ ಕತ್ತಲಾಗುವವರೆಗೆ ಅವರೂ ಅವರ ಸಹಾಯಕರೂ ಸೇರಿ 15-16 ಕುಟುಂಬಗಳೊಡನೆ ಕೂತು ಮಾತಾಡುತ್ತಿದ್ದರು. 800ಕ್ಕೂ ಹೆಚ್ಚು ಕುಟುಂಬಗಳಿದ್ದ ಊರು ಹೀಗೆ ವರ್ಷಕ್ಕೊಮ್ಮೆ ಮುಗಿಯುತ್ತಿತ್ತು. ನೂರು ಮನೆಗಳ ಸಭೆಗೆ ಇದೇ ಲೆಕ್ಕ ಹಾಕಿದರೆ ವಾರಕ್ಕೆ ಎರಡೇ ಮನೆ. ಎರಡು ಮನೆ ಯಾರಿಗೂ ಭಾರವಲ್ಲ. ಆದರೆ ಕ್ರಮವಿಲ್ಲದಿದ್ದರೆ ಕರೆಯುವ ಇಪ್ಪತ್ತು ಮನೆಗಳಿಗೇ ಪಾಸ್ಟರು ಮತ್ತೆ ಮತ್ತೆ ಹೋಗುತ್ತಾರೆ, ಕರೆಯಲು ಸಂಕೋಚಪಡುವ ಎಂಬತ್ತು ಮನೆಗಳು ವರ್ಷವಿಡೀ ಕಾಯುತ್ತವೆ.

ಈ ಕ್ರಮ ಉಳಿಯಬೇಕಾದರೆ ರಿಜಿಸ್ಟರ್ ಬೇಕು. ಕಥೋಲಿಕ ಸಭೆಯ 1983ರ ನಿಯಮಸಂಹಿತೆ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳನ್ನು ಪ್ರತಿ ಧರ್ಮಕೇಂದ್ರದಲ್ಲೂ ಕಡ್ಡಾಯ ಮಾಡಿದೆ, ಮನೆಗಳಿಗೆ ಭೇಟಿ ಕೊಟ್ಟು ಜನರನ್ನು ಅರಿಯಬೇಕೆಂದು ಪಾದ್ರಿಗೆ ಹೇಳಿದೆ. ಟಿಪ್ಪುವಿನ ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ಚರ್ಚು 1792ರಷ್ಟು ಹಳೆಯದು. ಇಷ್ಟು ಹಳೆಯ ಸಭೆಯಲ್ಲಿ ಪಾದ್ರಿಗಳು ಬದಲಾಗುತ್ತಲೇ ಇರುತ್ತಾರೆ, ನೆನಪನ್ನು ಕಾಯುವುದು ಪುಸ್ತಕ. ಮೈಸೂರು ಸೀಮೆಯ ಜನ ದೊಡ್ಡಸ್ವಾಮಿ ಎಂದು ಕರೆದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1803-04ರಲ್ಲಿ ಸಿಡುಬಿನ ಲಸಿಕೆ ಹಾಕಿಸಿದ್ದು 25,432 ಜನರಿಗೆ. ಕೊನೆಯ ಎರಡರವರೆಗೆ ಆ ಸಂಖ್ಯೆ ಇಂದಿಗೂ ಸಿಗುವುದು ಅಂದು ಬರೆದಿಟ್ಟದ್ದರಿಂದ. ಪಾಸ್ಟರು ಇಡುವ ಪುಸ್ತಕದಲ್ಲಿ ಮನೆಯ ಹೆಸರು, ಮಕ್ಕಳ ಓದು, ಮಲಗಿದವರ ಕಾಯಿಲೆ, ಕೊನೆಯ ಭೇಟಿಯ ತಾರೀಖು ಇಷ್ಟಿದ್ದರೆ ಸಾಕು. ಮನೆಯ ಗುಟ್ಟುಗಳನ್ನು ಮಾತ್ರ ಅದರಲ್ಲಿ ಬರೆಯಬಾರದು.

2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಬೆಟ್ಟಗಳೇ ಜಾರಿ, ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಅಂಥ ರಾತ್ರಿಯಲ್ಲಿ ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾಳೆ, ಯಾರ ಬಳಿ ಜೀಪಿದೆ, ಯಾರ ಫೋನು ಹತ್ತುತ್ತದೆ ಎಂಬ ಒಂದು ಹಾಳೆಯ ಪಟ್ಟಿ ಜೀವ ಉಳಿಸಬಲ್ಲದು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ಇಂಥ ಪಟ್ಟಿಯನ್ನು ಪ್ರತಿ ಸಭೆಯೂ ಹೊಸದು ಮಾಡಿಕೊಳ್ಳಬೇಕು. ಕೊಡಗಿನ ಪಾಸ್ಟರ ಕ್ಯಾಲೆಂಡರ್ ಜನವರಿಯಿಂದ ಡಿಸೆಂಬರ್‌ಗೆ ಹೋಗುವಂಥದ್ದಲ್ಲ, ಅದು ತೋಟದ ಕಾಲಕ್ಕೆ ಹೊಂದಬೇಕು. ನವೆಂಬರ್‌ನಿಂದ ಮಾರ್ಚ್‌ವರೆಗೆ ಕುಯ್ಲು: ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಆಗ ದುಡಿಯುವವರನ್ನು ವಾರದ ನಡುವೆ ಕೂಟಕ್ಕೆ ಕರೆಯುವುದು ಅನ್ಯಾಯ. ಮಕ್ಕಳ ರಜಾ ಬೈಬಲ್ ಶಾಲೆ, ಹಿರಿಯರ ತರಬೇತಿ, ಕಟ್ಟಡದ ರಿಪೇರಿ ಎಲ್ಲ ಏಪ್ರಿಲ್, ಮೇ ತಿಂಗಳಿಗೆ ಸರಿ. ಮಳೆಗಾಲ ಓದಿಗೆ, ಬರವಣಿಗೆಗೆ, ಮುಂದಿನ ವರ್ಷದ ಪ್ರಸಂಗಗಳ ಯೋಚನೆಗೆ.

ಪ್ರಸಂಗವೆಂದರೆ ಶನಿವಾರ ರಾತ್ರಿ ನೆನಪಾಗುವ ಪಾಸ್ಟರುಗಳಿದ್ದಾರೆ. ಸಭೆಗೆ ಅದು ಭಾನುವಾರವೇ ತಿಳಿದುಬಿಡುತ್ತದೆ. ವಚನ ಸೋಮವಾರವೇ ಓದಿಟ್ಟುಕೊಂಡರೆ ವಾರದ ಭೇಟಿಗಳಲ್ಲಿ ಕಂಡ ಬದುಕು ಅದರೊಳಗೆ ತಾನಾಗಿ ಸೇರುತ್ತದೆ. ಅಮೆರಿಕದ ಮೇರಿಲ್ಯಾಂಡಿನ ಬೆಲ್ ಏರ್ ಊರಿನಲ್ಲಿ 29 ವರ್ಷ ಒಂದೇ ಸಭೆಯನ್ನು ನೋಡಿಕೊಂಡ ಯೂಜೀನ್ ಪೀಟರ್‌ಸನ್ ಓದಿಗೂ ಪ್ರಾರ್ಥನೆಗೂ ಡೈರಿಯಲ್ಲಿ ಹೊತ್ತು ಬರೆದಿಡುತ್ತಿದ್ದರು. ಆ ಹೊತ್ತಿಗೆ ಯಾರಾದರೂ ಬರಲೇ ಎಂದರೆ ಬೇರೆ ಕೆಲಸ ಗೊತ್ತಾಗಿದೆ ಎನ್ನುತ್ತಿದ್ದರು. ಸೋಮವಾರ ಹೆಂಡತಿಯೊಡನೆ ಕಾಡಿನಲ್ಲಿ ನಡೆಯುವುದು ಅವರ ವಿಶ್ರಾಂತಿ ದಿನ.

ಹಣದ ವಿಷಯಕ್ಕೆ ಹೆಚ್ಚು ಮಾತು ಬೇಡ. ಕಾಣಿಕೆಯನ್ನು ಇಬ್ಬರು ಎಣಿಸಬೇಕು, ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಬೇಕು, ಲೆಕ್ಕವನ್ನು ಸಭೆಯ ಮುಂದೆ ಓದಬೇಕು. ಪಾಸ್ಟರು ನಗದು ಮುಟ್ಟದಿದ್ದರೆ ಅವರ ಮಾತಿಗೆ ಬೆಲೆ ಹೆಚ್ಚು.

ವಿಶ್ರಾಂತಿಯನ್ನು ಸೋಮಾರಿತನವೆಂದು ತಿಳಿಯುವವರು ಇಂದಿಗೂ ಇದ್ದಾರೆ. 2008ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1,700ಕ್ಕೂ ಹೆಚ್ಚು ಮೆಥಡಿಸ್ಟ್ ಪಾಸ್ಟರುಗಳ ಆರೋಗ್ಯ ಸಮೀಕ್ಷೆ ಮಾಡಿದರು. ಫೋನಿನಲ್ಲಿ ಉತ್ತರ ಕೊಟ್ಟವರಲ್ಲಿ ಖಿನ್ನತೆಯ ಪ್ರಮಾಣ ನೂರಕ್ಕೆ 8.7. ಅಲ್ಲಿನ ರಾಷ್ಟ್ರೀಯ ಸರಾಸರಿ 5.5. ಸ್ಥೂಲಕಾಯದವರು ನೂರಕ್ಕೆ ಸುಮಾರು ನಲವತ್ತು, ಅದೇ ರಾಜ್ಯದ ಇತರರಲ್ಲಿ ಸುಮಾರು ಇಪ್ಪತ್ತೊಂಬತ್ತು. ಸಾವಿನ ಮನೆಯಿಂದ ಮದುವೆಯ ಮನೆಗೆ, ಅಲ್ಲಿಂದ ಜಗಳದ ಮನೆಗೆ ಹೋಗಿ ಎಲ್ಲರ ದುಃಖ ಕೇಳುವವರಿಗೆ ತಮ್ಮದನ್ನು ಹೇಳಿಕೊಳ್ಳಲು ಒಬ್ಬರು ಬೇಕು. ಪಕ್ಕದ ಸಭೆಯ ಪಾಸ್ಟರು ಆಗಬಹುದು, ಸಭಾಭೇದ ಬಿಟ್ಟು ಫಾದರ್ ಆಗಬಹುದು. ತಿಂಗಳಿಗೊಮ್ಮೆ ಒಟ್ಟಿಗೆ ಕೂತು ಕಾಫಿ ಕುಡಿಯುವುದು ಸೇವೆಯ ಭಾಗವೇ. ಕಥೋಲಿಕ ನಿಯಮಸಂಹಿತೆಯೇ ಪಾದ್ರಿಗೆ ವರ್ಷಕ್ಕೆ ಒಂದು ತಿಂಗಳ ರಜೆಗೆ ಅವಕಾಶ ಕೊಟ್ಟಿದೆ. ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ಯೇಸು ದಣಿವಾರಿಸಿಕೊಳ್ಳಲು ಏಕಾಂತಕ್ಕೆ ಕರೆದೊಯ್ದ ಸಂಗತಿಯಿದೆ. ಪಾಸ್ಟರುಗಳು ಸಭೆಗೆ ಓದಿ ಹೇಳುವ ಭಾಗವದು, ತಮಗೂ ಓದಿಕೊಳ್ಳಬೇಕು.

ಇದರಲ್ಲಿ ಪಾಸ್ಟರ ಪಾಲು ಎಷ್ಟೋ ಸಭೆಯ ಪಾಲೂ ಅಷ್ಟೇ. ದಿನವಿಡೀ ಓಡಾಡುವ ಪಾಸ್ಟರನ್ನು ಹೊಗಳಿ, ಮನೆಯಲ್ಲಿ ಕೂತು ಓದುವವರನ್ನು ದೂರುವ ಸಮಿತಿಗೆ ಒಳ್ಳೆಯ ಪಾಸ್ಟರು ಸಿಕ್ಕರೂ ಉಳಿಯುವುದಿಲ್ಲ. ಆದ್ದರಿಂದ ಸಮಿತಿಯಲ್ಲಿರುವ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಭೆ ಸೇರಿದಾಗ ಪಾಸ್ಟರ ವಾರದ ರಜೆ ಯಾವುದೆಂದು ಕೇಳಿ ನೋಟಿಸ್ ಬೋರ್ಡಿನಲ್ಲಿ ಹಾಕಿ. ಆ ದಿನ ತುರ್ತಿಗೆ ಫೋನ್ ಮಾಡಬೇಕಾದ ಹಿರಿಯರೊಬ್ಬರ ಹೆಸರನ್ನು ಅದರ ಕೆಳಗೆ ಬರೆಯಿರಿ. ವರ್ಷದಲ್ಲಿ ನಾಲ್ಕು ಭಾನುವಾರ ಗೊತ್ತು ಮಾಡಿ, ಆರಾಧನೆಯನ್ನು ಪೂರ್ತಿಯಾಗಿ ಸಭೆಯ ಹಿರಿಯರು, ಹೆಂಗಸರು, ಯುವಜನರೇ ನಡೆಸಲಿ.